ನಾನೊಬ್ಬಳೇ ಸಭೆಯಾಗಿದ್ದಾಗ

ನಮ್ಮತ್ತೆಯ ಕಣ್ಣಿಗೆ ಬಿದ್ದ ವಸ್ತು ಯಾವುದೂ ಉಪದೇಶ ಮಾಡದೆ ಪಾರಾದದ್ದಿಲ್ಲ! ಕಲ್ಲು, ಮುಳ್ಳು, ಹುಣಸೆಬೀಜ, ಒಡೆದ ಮಡಕೆ, ಎಲ್ಲದರೊಳಗೂ ದೇವರು ಕೂತು ಅವರ ಹತ್ತಿರ ಮಾತಾಡುತ್ತಿದ್ದ. ನನ್ನ ಕಿವಿಗೆ? ಮಡಕೆ ಒಡೆದ ಸದ್ದು ಕೇಳಿಸುತ್ತಿತ್ತು, ಅಷ್ಟೇ.

ಟೇಕಲ್ ಸ್ಟೇಷನ್ನಿನಿಂದ ಎರಡು ಮೈಲಿ ನಡೆದರೆ ನಮ್ಮ ಹಳ್ಳಿ. ಊರಿಗೆಲ್ಲ ಒಂದೇ ಕ್ರೈಸ್ತರ ಮನೆ. ಆ ಮನೆಯಲ್ಲಿ ಇಬ್ಬರೇ ಜನ, ಇಬ್ಬರೂ ಗಂಡ ಸತ್ತವರು. ಮಾವ ಪ್ಲೇಗಿಗೆ ಹೋದರು. ನನ್ನ ಗಂಡ, ಅಂದರೆ ಅತ್ತೆಯ ಒಬ್ಬನೇ ಮಗ, ಯುದ್ಧ ಅಂತ ಪಟಾಲಂ ಸೇರಿದವನು ತಿರುಗಿ ಬರಲಿಲ್ಲ, ಕಾಗದ ಬಂತು. ಆಗ ನನಗೆ ಹತ್ತೊಂಬತ್ತು. ಅಕ್ಷರ ಬರದು. ಅತ್ತೆ ಮಾತ್ರ ಓದಿದವರು. ಊರೂರು ತಿರುಗಿ ಹೆಂಗಸರಿಗೆ ವೇದಪುಸ್ತಕ ಓದಿ ಹೇಳೋದೇ ಅವರ ಕೆಲಸ. ಅವರು ಹೇಳಿದ್ದೇ ನನಗೆ ವೇದ, ಹೇಳದೆ ಇದ್ದದ್ದು ಇಲ್ಲವೇ ಇಲ್ಲ.

ಒಂದು ದಿನ ಮುದ್ದೆ ತಿರುವುತ್ತಿದ್ದೆ. ಹಿಟ್ಟು ಗಂಟು ಕಟ್ಟಿತು. ಅತ್ತೆಗೆ ಅಷ್ಟು ಸಾಕಲ್ಲ!

“ನೋಡಿದ್ಯೇನೇ? ದೇವರು ಕಷ್ಟದ ಕೋಲು ಹಾಕಿ ನಮ್ಮನ್ನ ಹಿಂಗೇ ತಿರುವೋದು. ಗಂಟು ಒಡೀಬೇಕು ಕಣೇ.”

“ಒಡೆದ ಮೇಲೆ ನುಂಗಿಬಿಡ್ತಾನಲ್ಲ ಅತ್ತೆ?”

ಅತ್ತೆ ತಟ್ಟೆ ಎಳೆದುಕೊಂಡರು. “ಸಾರು ಬಿಡು,” ಅಂದರು.

ಇನ್ನು ನಮ್ಮ ಹುಂಜ. ವೇದಪುಸ್ತಕದಲ್ಲಿ, ತನ್ನ ಗುರುವನ್ನೇ ಅರಿಯೆ ಅಂದ ಶಿಷ್ಯನೊಬ್ಬ ಕೋಳಿ ಕೂಗಿದ್ದು ಕೇಳಿ ಅತ್ತು ಬುದ್ಧಿ ಕಲಿತನಂತೆ. ಹಾಗಾಗಿ ಅದು ನಮ್ಮ ಮನೆಯ ಉಪದೇಶಿ, ಅದಕ್ಕೆ ಚೂರಿ ತೋರಿಸಬಾರದು. ಮೂರು ತಿಂಗಳಿಗೊಮ್ಮೆ ಮಾಲೂರಿನಿಂದ ಪಾದ್ರಿ ಬರೋರು. ಅಂಗಳದಲ್ಲಿ ಕೊಬ್ಬಿದ ಹುಂಜ ನೋಡಿ ಅವರ ಮುಖ ಅರಳೋದು. ಎಲೆಗೆ ಬೀಳೋದು ಹುರುಳಿ ಸಾರು! ಆ ಶಿಷ್ಯನನ್ನು ಕೋಳಿ ಅಳಿಸಿದ್ದು ಅವನ ತಪ್ಪಿಗೆ, ಸರಿ. ನಮ್ಮ ಪಾದ್ರಿ ಏನು ತಪ್ಪು ಮಾಡಿದ್ದರು?

ಪಾದ್ರಿ ಬರದ ಭಾನುವಾರಗಳಲ್ಲಿ ಅತ್ತೆಯೇ ಪಡಸಾಲೆಯಲ್ಲಿ ಆರಾಧನೆ ನಡೆಸೋರು. ಈ ಗೋಡೆಗೆ ಹೆಂಗಸರ ಚಾಪೆ, ಎದುರು ಗೋಡೆಗೆ ಗಂಡಸರ ಚಾಪೆ. ಕ್ರಮ ಅಂದರೆ ಕ್ರಮ!

“ಸಭೆಯವರೆಲ್ಲ ಎದ್ದು ನಿಲ್ಲಿ.”

ಸಭೆ ಅಂದರೆ ನಾನು. ಎದ್ದು ನಿಲ್ಲುತ್ತಿದ್ದೆ. ನಾನು ಸೀನಿದರೆ ಇಡೀ ಸಭೆ ಸೀನಿದಂತೆ. ಕೀರ್ತನೆಯಲ್ಲಿ ಒಂದು ಸಾಲು ಹೆಂಗಸರದು, ಒಂದು ಸಾಲು ಗಂಡಸರದು. ನಮ್ಮ ಸಾಲು ನಾವಿಬ್ಬರೂ ಗಟ್ಟಿಯಾಗಿ ಹಾಡುತ್ತಿದ್ದೆವು. ಗಂಡಸರ ಸಾಲು ಬಂದಾಗ ಬಾಯಿ ಮುಚ್ಚಿ, ಅಷ್ಟು ಹೊತ್ತು ಖಾಲಿ ಚಾಪೆ ನೋಡುತ್ತಾ ನಿಲ್ಲುತ್ತಿದ್ದೆವು. ಆಮೇಲೆ ಮತ್ತೆ ನಮ್ಮ ಸಾಲು.

ಪಕ್ಕದ ಮನೆ ರೆಡ್ಡಿಯ ಹೆಂಡತಿ ಬೇಲಿಯಾಚೆಯಿಂದ ಕೇಳಿದಳು: “ಏಮಮ್ಮಾ, ನಡುನಡುವೆ ಹಾಡು ಮರ್ತೋಗುತ್ತಾ ನಿಮ್ಗೆ?”

“ಇಲ್ಲ ಕಣಮ್ಮ, ಗಂಡಸರು ಹಾಡ್ತಿದ್ದಾರೆ,” ಅಂದರು ಅತ್ತೆ. ಅವಳು ಆಮೇಲೆ ಭಾನುವಾರದ ದಿನ ಬೇಲಿ ಹತ್ತಿರ ಸುಳಿಯಲಿಲ್ಲ!

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಬೈರಕೂರಿನಿಂದ ನಮ್ಮಣ್ಣ ಬಂದ. ಕೋಲಾರದ ಆಸ್ಪತ್ರೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದಾನಂತೆ, ಹೆಂಡತಿ ಸತ್ತವನು, ಕುಡಿಯಲ್ಲ, ನನ್ನನ್ನು ಮದುವೆ ಆಗಲು ಒಪ್ಪಿದ್ದಾನೆ. ಸುಳ್ಳು ಯಾಕೆ ಹೇಳಲಿ? ನನಗೆ ಆಸೆ ಹುಟ್ಟಿತು. ಆದರೆ ನಾನು ಎದ್ದು ಹೋದರೆ ಅತ್ತೆಗೆ ಯಾರಿದ್ದಾರೆ? “ಇರು” ಅಂತ ಒಂದು ಮಾತು ಅಂದರೂ ಸಾಕು, ಇದ್ದುಬಿಡುತ್ತಿದ್ದೆ. ಕಲ್ಲಿನಲ್ಲೂ ಪಾಠ ಕಂಡವರು, ಇದಕ್ಕೆ ಒಂದು ಕಾಣದೆ ಇರುತ್ತಾರಾ ಅಂತ ಬಾಗಿಲಲ್ಲಿ ನಿಂತು ಕಾದೆ.

“ಹೋಗು,” ಅಂದರು. ಕೈಯಲ್ಲಿದ್ದ ಅವರೆಕಾಯಿ ಸುಲಿಯುತ್ತಲೇ ಇದ್ದರು.

“ಪಾಠ ಏನೂ ಇಲ್ವಾ ಅತ್ತೆ?”

“ಎಲ್ಲಾದಕ್ಕೂ ಪಾಠ ಇರುತ್ತೇನೇ? ಹೋಗಿ ಬಟ್ಟೆ ಕಟ್ಟಿಕೋ.”

ಸ್ಟೇಷನ್ನಿಗೆ ಬಂದರು. ಕಂಬಿ, ಸಿಳ್ಳು, ಬೆಂಕಿ, ಹೊಗೆ! ಉಪದೇಶಕ್ಕೆ ರೈಲಿಗಿಂತ ಇನ್ನೇನು ಬೇಕು? ಬಾಯಿ ಬಿಡಲಿಲ್ಲ. ಗಾಡಿ ಹೊರಟಾಗ ಮಾತ್ರ, “ಕಿಟಕಿ ಹತ್ರ ಕೂರಬೇಡ, ಕಣ್ಣಿಗೆ ಕಿಡಿ ಬೀಳುತ್ತೆ,” ಅಂದರು. ಮುಗಿಯಿತು.

ಪೀಡೆ ತೊಲಗಿತು ಅಂದುಕೊಂಡರು ಮುದುಕಿ ಅಂತ ನಾನು ಅಂದುಕೊಂಡೆ. ಅವರು ಕೋಲಾರಕ್ಕೆ ಬರಲಿಲ್ಲ. ನಾನೂ ಹೋಗಲಿಲ್ಲ. ಮೂರನೇ ವರ್ಷ ಅವರ ಮಣ್ಣಿಗೆ ಹೋದೆ, ಒಂದು ಹಿಡಿ ಹಾಕಿ ಬಂದೆ. ಕಣ್ಣೀರು ಬರಲಿಲ್ಲ. ಬರದೆ ಇದ್ದದ್ದನ್ನು ಬಂತು ಅಂತ ಹೇಳಲ್ಲ.

ಎಷ್ಟೋ ವರ್ಷದ ಮೇಲೆ, ಕೋಲಾರದ ಹೆಂಗಸರ ಕೂಟದಲ್ಲಿ ಹೊಸ ಪಾದ್ರಿಯ ಹೆಂಡತಿ ಒಂದು ಕಥೆ ಹೇಳಿದಳು. ಒಬ್ಬಳು ಅತ್ತೆ, ಒಬ್ಬಳು ಸೊಸೆ, ಇಬ್ಬರೂ ಗಂಡ ಸತ್ತವರು. ಅತ್ತೆ ತವರಿಗೆ ಹೋಗಮ್ಮ ಅಂದರೆ, ಸೊಸೆ ಬಿಟ್ಟು ಹೋಗಲ್ಲ ಅಂತ ಕೂತಳಂತೆ, ಅವಳನ್ನು ದೇವರು ಮೆಚ್ಚಿದನಂತೆ.

“ಇದು ಪುಸ್ತಕದಲ್ಲೇ ಇದೆಯಾ, ನೀನು ಕಟ್ಟಿದ್ದಾ?” ಅಂತ ಕೇಳಿದೆ.

“ಇದೆ ಕಣಮ್ಮ! ಅತ್ತೆಯಾದವಳು ಸೊಸೆಗೆ ಮೊದಲು ಹೇಳೋ ಕಥೆಯೇ ಇದು!” ಹೆಂಗಸರೆಲ್ಲ ನಕ್ಕರು.

ನಮ್ಮತ್ತೆಗೆ ಈ ಕಥೆ ಗೊತ್ತಿಲ್ಲದೆ ಇರುತ್ತಾ? ಊರೂರಲ್ಲಿ ಓದಿದವರು! ನನಗೆ ಒಬ್ಬಳಿಗೆ ಹೇಳಲಿಲ್ಲ. ಹೇಳಿದ್ದರೆ, ಅದು ದೇವರ ಮಾತು ಅಂತ ನಾನು ಉಳಿದುಬಿಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

ಅತ್ತೆ ಬದುಕಿದ್ದಿದ್ದರೆ ಅವತ್ತೇ ಹೋಗಿ ಜಗಳ ತೆಗೆಯುತ್ತಿದ್ದೆ, ಒಂದು ವಾರ ಅಲ್ಲೇ ಉಳಿದು ಜಗಳ ಆಡುತ್ತಿದ್ದೆ.