ಶೆಟ್ಟರ ಅರವತ್ತು ವ್ಯಾಟಿನ ಬಲ್ಬು

ಜನ ನಮ್ಮ ಮಾತನ್ನು ನಂಬದಿದ್ದರೆ ಬೇಜಾರಾಗುತ್ತದೆ, ನಿಜ. ಆದರೆ ಕಣ್ಣು ಮುಚ್ಚಿಕೊಂಡು ನಂಬತೊಡಗಿದರೆ ಅದರಷ್ಟು ಅಪಾಯ ಇನ್ನೊಂದಿಲ್ಲ. ನಾನು ಕೋಲಾರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಊರಿನ ಮನೆಗಳಿಗೆ ಕರೆಂಟು ಬಂದ ಮೇಲೆ ನನ್ನ ಮರ್ಯಾದೆ ಒಂದು ಕೈ ಹೆಚ್ಚೇ ಆಗಿತ್ತು. ದೀಪ ಮಿಣುಕಿದರೂ ನನ್ನನ್ನೇ ಕೇಳುವರು, ಮಳೆ ಬಂದರೆ ತಂತಿಯೊಳಗೆ ನೀರು ಹೋದೀತೇ ಎಂದೂ ನನ್ನನ್ನೇ ಕೇಳುವರು. ಟೇಕಲ್ಲಿನಿಂದ ಬಂದ ನಮ್ಮ ಮಾವನವರಂತೂ ಸ್ವಿಚ್ಚು ಒತ್ತುವ ಮೊದಲು "ಒತ್ತಬೋದೇನಪ್ಪಾ?" ಎಂದು ನನ್ನ ಅಪ್ಪಣೆ ಪಡೆಯುತ್ತಿದ್ದರು. ಇದರಿಂದ ನನಗೆ ಕೊಂಚ ತಲೆ ತಿರುಗಿತ್ತೆಂದು ಈಗ ತೋರುತ್ತದೆ.

ಕೆಲವು ತಿಂಗಳ ಹಿಂದೆ, ಬೇಳೆ ಬೆಲ್ಲದ ಜೊತೆ ಬಲ್ಬೂ ಮಾರುವ ನಂಜುಂಡಶೆಟ್ಟರ ಅಂಗಡಿಯಿಂದ ಅರವತ್ತು ವ್ಯಾಟಿನ ಬಲ್ಬೊಂದನ್ನು ತಂದು ಹಾಕಿದೆ. ಮಾರನೆಯ ಬೆಳಿಗ್ಗೆ ಹೆಂಡತಿ ಕಮಲ, "ಅರವತ್ತು ಅಂತ ಬರೆದಿದಾರಲ್ಲ, ಅದು ಅರವತ್ತೇ ಅಂತ ಹೇಗ್ರೀ ಗೊತ್ತಾಗುತ್ತೆ?" ಎಂದಳು. ಹೆಂಡತಿಯೇ ಬಾಯಿಬಿಟ್ಟು ವಿಜ್ಞಾನ ಕೇಳಿದಾಗ ಸುಮ್ಮನಿರುವ ಗಂಡನನ್ನು ನಾನು ಕಂಡಿಲ್ಲ. ಸ್ಕೂಲಿನ ಬೀರುವಿನಿಂದ ಎರಡು ಮೀಟರು, ಎರಡು ಬ್ಯಾಟರಿ ಸೆಲ್ಲು ತಂದು, ಬಲ್ಬನ್ನು ಬಿಚ್ಚಿ ತಂತಿ ಕಟ್ಟಿ, ಅವಳನ್ನು ಎದುರಿಗೆ ಕೂರಿಸಿಕೊಂಡೆ. ಮೂರು ವೋಲ್ಟಿಗೆ ಕರೆಂಟು ಒಂದು ಆಂಪಿಯರಿನ ಇಪ್ಪತ್ತರಲ್ಲೊಂದು ಪಾಲು ಹರಿಯಿತು. ವೋಲ್ಟನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎಂದರೆ ತಂತಿ ಒಡ್ಡುವ ತಡೆ ಸಿಗುತ್ತದೆ. ಅರವತ್ತು ಓಮ್ ಬಂತು. ಮನೆಗೆ ಬರುವುದು ಇನ್ನೂರ ಮೂವತ್ತು ವೋಲ್ಟು. ಅದನ್ನು ಅರವತ್ತರಿಂದ ಭಾಗಿಸಿದರೆ ಕರೆಂಟು ನಾಲ್ಕು ಆಂಪಿಯರಿಗೆ ಸ್ವಲ್ಪ ಕಡಿಮೆ. ವೋಲ್ಟನ್ನೂ ಕರೆಂಟನ್ನೂ ಗುಣಿಸಿದರೆ ವ್ಯಾಟು. ಗುಣಿಸಿದೆ. ಎಂಟುನೂರ ಎಂಬತ್ತು! ಅರವತ್ತೆಂದು ಹೇಳಿ, ಕರೆಂಟಿನ ಬಿಲ್ಲು ಏರಿಸುವ ಎಂಟುನೂರ ಎಂಬತ್ತನ್ನು ನಮ್ಮ ತಲೆಗೆ ಕಟ್ಟಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. "ರಾತ್ರಿ ಅಷ್ಟೊಂದು ಬೆಳಕೇನೂ ಇರ್ಲಿಲ್ವಲ್ಲ?" ಎಂದು ಕಮಲ ಮೆಲ್ಲಗೆ ಕೇಳಿದಳು. "ಅದೆಲ್ಲ ನಿನಗೆ ತಿಳಿಯೋಲ್ಲ ಕಣೇ" ಎಂದು ಬಲ್ಬನ್ನು ಎತ್ತಿಕೊಂಡು ಪೇಟೆಗೆ ನಡೆದೆ.

ಅಂಗಡಿಯ ತುಂಬ ಗಿರಾಕಿಗಳಿದ್ದರು. ನಾನು ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿ, ಇದು ಮೋಸ ಎಂದು ಸಾರಿದೆ. ಶೆಟ್ಟರು ಮುಳಬಾಗಿಲು ಕಡೆಯವರು, ಮಾತಿನ ನಡುವೆ ತೆಲುಗು ನುಸುಳುತ್ತದೆ, ಯಾರಿಗೂ ಎದುರಾಡಿದವರಲ್ಲ. ಬಲ್ಬನ್ನು ತಿರುಗಿಸಿ ತಿರುಗಿಸಿ ನೋಡಿ, "ನನಗೆ ತೆಲೀದು ಸ್ವಾಮಿ, ಗೊತ್ತಿಲ್ಲ. ತಂದಿದ್ದನ್ನ ಕೊಟ್ಟೆ. ನೀವು ಹೇಳಿದ ಮೇಲೆ ಇನ್ನೇನಿದೆ" ಎಂದರು. ಜಗಳವಾಡಿದ್ದರೆ ಚೆನ್ನಾಗಿತ್ತು. ಮಾರನೆಯ ದಿನದಿಂದ ತಾವು ಬಲ್ಬು ಮಾರಿದ ಮನೆಗಳಿಗೆಲ್ಲ ತಾವೇ ಹೋಗಿ, ತಪ್ಪಾಯಿತೆಂದು ಹೇಳಿ ವಾಪಸು ತರತೊಡಗಿದರು. ನೋಡನೋಡುತ್ತಿದ್ದಂತೆ ಅವರ ಬೇಳೆ ಬೆಲ್ಲವನ್ನೂ ಜನ ಅನುಮಾನದಿಂದ ನೋಡುವ ಹಾಗಾಯಿತು.

ಇನ್ನಷ್ಟು ಸಾಕ್ಷಿ ಇರಲೆಂದು, ಅವರಿಂದಲೇ ಕೊಂಡ ಸ್ಕೂಲಿನ ಬಲ್ಬೊಂದನ್ನು ಈ ಸಲ ಉರಿಸಿಯೇ ಅಳೆದೆ. ಇನ್ನೂರ ಮೂವತ್ತು ವೋಲ್ಟಿಗೆ ಕರೆಂಟು ಕಾಲು ಆಂಪಿಯರಿಗಿಂತ ಒಂದು ಕೂದಲೆಳೆ ಹೆಚ್ಚು. ಗುಣಿಸಿದರೆ ಅರವತ್ತು ವ್ಯಾಟು. ಭಾಗಿಸಿದರೆ ರೋಧ ಎಂಟುನೂರ ಎಂಬತ್ತು ಚಿಲ್ಲರೆ. ಅವೇ ಎರಡು ಅಂಕಿಗಳು ಜಾಗ ಬದಲಾಯಿಸಿಕೊಂಡು ನನ್ನ ಮುಂದೆ ಕೂತಿದ್ದವು. ಬಲ್ಬಿನೊಳಗಿನ ತಂತಿ ತಣ್ಣಗಿದ್ದಾಗ ರೋಧ ಕಡಿಮೆ, ಕಾದು ಬೆಳಗುವಾಗ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಇದನ್ನು ವರ್ಷವರ್ಷವೂ ಹುಡುಗರಿಗೆ ಹೇಳುವವನು ನಾನೇ. ತಣ್ಣಗಿನ ತಂತಿಯ ರೋಧ ಹಿಡಿದುಕೊಂಡು ಉರಿಯುವ ದೀಪದ ಲೆಕ್ಕ ಹಾಕಿದ್ದೆ. ಮೀಟರುಗಳನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ.

ಸಂಜೆ ಅಂಗಡಿಗೆ ಹೋಗಿ ಎಲ್ಲರೆದುರಿಗೆ, "ಶೆಟ್ಟರೇ, ನಿಮ್ಮ ಬಲ್ಬು ಸರಿಯಾಗಿದೆ. ತಪ್ಪಿದ್ದು ನನ್ನ ಲೆಕ್ಕ" ಎಂದೆ. ಶೆಟ್ಟರ ಕಣ್ಣಲ್ಲಿ ನೀರು ಬಂತು. "ವದ್ದು ಸ್ವಾಮಿ, ಬೇಡ. ನನ್ನ ಹೆಸರು ಉಳೀಲಿ ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೋತಿದೀರ. ನಿಮ್ಮ ಲೆಕ್ಕ ಎಲ್ಲಾದ್ರೂ ತಪ್ಪುತ್ತಾ?" ಎಂದರು. ಹಲಗೆಯ ಮೇಲೆ ಮತ್ತೆ ಲೆಕ್ಕ ಬರೆದೆ. ಯಾರೂ ಹಲಗೆಯತ್ತ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಮಾಲೂರಿನ ಗಿರಾಕಿಯೊಬ್ಬ ಪಕ್ಕದವನಿಗೆ "ಎಂಥಾ ದೊಡ್ ಮನಸ್ಸು ನೋಡ್ಲಾ" ಎಂದ. ಬಿಡಿಸಿ ಹೇಳಿದಷ್ಟೂ ನಾನು ದೊಡ್ಡವನಾಗುತ್ತ ಹೋದೆ. ಶೆಟ್ಟರ ಬಲ್ಬುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕೊನೆಗೆ ಆ ಗಿರಾಕಿಯೇ, "ಮೇಷ್ಟ್ರೇ, ನೀವೇ ಕೈಯಾರೆ ಒಂದು ಎತ್ತಿಕೊಡಿ, ತಗೊಂಡು ಹೋಗ್ತೀನಿ. ನಿಮ್ಮ ಕೈಗುಣ ಇದ್ರೆ ಸಾಕು" ಎಂದ.

ಎತ್ತಿಕೊಟ್ಟೆ. ಬೇರೆ ದಾರಿ ಕಾಣಲಿಲ್ಲ. ಈಗ ಶನಿವಾರ ಸಂಜೆ ಶೆಟ್ಟರ ಗಲ್ಲಾದ ಪಕ್ಕದಲ್ಲಿ ನನಗೊಂದು ಸ್ಟೂಲು ಹಾಕಿರುತ್ತಾರೆ. ಗಿರಾಕಿ ಬಂದಾಗ ಬಲ್ಬನ್ನೆತ್ತಿ, ಒಂದು ಗಳಿಗೆ ಹಿಡಿದುಕೊಂಡು, ಅವನ ಕೈಗಿಡಬೇಕು. ಮೀಟರು ಬೇಡ, ಸೀಮೆಸುಣ್ಣ ಬೇಡ. ವ್ಯಾಪಾರ ಮೊದಲಿಗಿಂತ ಜೋರಾಗಿದೆ, ಶೆಟ್ಟರ ಹೆಸರೂ ಉಳಿದಿದೆ. ಎರಡು ಮೀಟರು ಇಟ್ಟುಕೊಂಡೂ ಒಂದು ಬಲ್ಬು ಅಳೆಯಲಾರದವನು ಬರಿಗೈಯಲ್ಲಿ ಊರಿಗೆಲ್ಲ ವ್ಯಾಟು ಹಂಚುತ್ತಿದ್ದೇನೆ. ಗುರುತಿನವರು ಬಂದರೆ ತಲೆ ತಗ್ಗಿಸುತ್ತೇನೆ. ಅದನ್ನು ವಿನಯವೆಂದು ತಿಳಿದು ಕೈಮುಗಿಯುತ್ತಾರೆ. ಮೊನ್ನೆ ನಮ್ಮ ಮನೆಗೂ ಒಂದು ಬಲ್ಬು ತಂದೆ. ಕಮಲ ಅದನ್ನು ಕೈಗೆ ತೆಗೆದುಕೊಳ್ಳದೆ, "ಇದನ್ನ ನೀವೇ ಎತ್ತಿದ್ದಾ?" ಎಂದು ಕೇಳಿದಳು. ಹೌದೆಂದೆ.

"ಹಾಗಿದ್ರೆ ವಾಪಸು ಕೊಟ್ಟು, ಶೆಟ್ಟರ ಕೈಲಿ ಒಂದು ಎತ್ತಿಸ್ಕೊಂಡು ಬನ್ನಿ" ಎಂದಳು.