ಫ್ರೆಂಚ್ ಸಂಗೀತಗಾರನ ಮೌನವೂ ನನ್ನ ಬಾಯಿಯೂ

ಸುಮ್ಮನಿರುವುದು ನನಗೆ ಗೊತ್ತಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ದೇಶದ ರಾಜಧಾನಿಯಲ್ಲಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆದೇ ತಲೆ ನರೆಸಿಕೊಂಡವನು ನಾನು. ನಮ್ಮಲ್ಲಿ ಹಾಳೆ ಖಾಲಿ ಬಿಡುವುದೆಂದರೆ ಕರ್ತವ್ಯಲೋಪ. ಕೆಳಗಿನವರು ಒಂದು ಸಾಲು ಬರೆದರೆ ಮೇಲಿನವರು ಎರಡು ಬರೆಯಬೇಕು. ಬರೆಯಲು ಏನೂ ತೋಚದಿದ್ದರೆ 'ಚರ್ಚಿಸಿ' ಎಂದು ಬರೆದು ಸಹಿ ಹಾಕಬೇಕು. ಈ 'ಚರ್ಚಿಸಿ' ಬಹಳ ಉಪಕಾರಿ. ಅದು ಬಿದ್ದ ಕಡತ ಮತ್ತೆ ಮೇಜಿಗೆ ಬರುವಷ್ಟರಲ್ಲಿ ಸಮಸ್ಯೆಯೇ ಬೇಸತ್ತು ಎದ್ದುಹೋಗಿರುತ್ತದೆ. ಕಷ್ಟವೆಂದರೆ ಈ ಅಭ್ಯಾಸ ನನ್ನ ಜೊತೆ ಮೆಟ್ರೋ ಹತ್ತಿ ಮಯೂರ್ ವಿಹಾರಿನ ಮನೆಗೂ ಬಂದುಬಿಟ್ಟಿತು. ನಲ್ಲಿ ಸೋರುತ್ತಿದೆ ಎಂದು ಹೆಂಡತಿ ಸುಮತಿ ಹೇಳಿದರೆ, "ವಿಷಯ ಬರೆದುಕೊಡು, ನೋಡೋಣ" ಎನ್ನುತ್ತಿದ್ದೆ. ಅವಳು ಬರೆದುಕೊಡುತ್ತಿರಲಿಲ್ಲ. ಪ್ಲಂಬರ್ ಭಯ್ಯಾನನ್ನು ಕರೆಸಿ ಕೆಲಸ ಮುಗಿಸಿ, ಆಮೇಲೆ ನನಗೆ ಚಹಾ ಕೊಡುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಈಗ ಮನೆಯಲ್ಲಿ ನಾನು ಮತ್ತು ಮಗಳು ಮೇದಿನಿ ಇಬ್ಬರೇ.

ಮೇದಿನಿ ಲಕ್ಷ್ಮೀ ನಗರದ ಕೋಚಿಂಗ್‌ಗೆ ಹೋಗಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಓದುತ್ತಿದ್ದಳು ಎಂದು ನಾನು ತಿಳಿದಿದ್ದೆ. ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ನಾನು ಮಫ್ಲರ್ ಸುತ್ತಿಕೊಂಡು ಕಚೇರಿಗೆ ಹೊರಟಾಗ, ಅರ್ಜಿಯೊಂದನ್ನು ಮುಂದಿಟ್ಟಳು. ದಕ್ಷಿಣದ ಯಾವುದೋ ಶಾಲೆಯಲ್ಲಿ ಎರಡು ವರ್ಷ ಸಿನಿಮಾ ಹಿನ್ನೆಲೆ ಸಂಗೀತ ಕಲಿಯುವುದಂತೆ. ತಂದೆಯ ಸಹಿ ಬೇಕಂತೆ.

"ಪಾಪಾ, ಸೈನ್ ಕರ್ ದೋ. ಸೋಮವಾರ ಲಾಸ್ಟ್ ಡೇಟ್."

ಬೇಡ ಎಂದುಬಿಡುವ ಧೈರ್ಯ ನನಗಿರಲಿಲ್ಲ, ಹೂಂ ಎನ್ನುವ ಮನಸ್ಸೂ ಇರಲಿಲ್ಲ. "ಇದರಲ್ಲಿ ಹೊಟ್ಟೆ ತುಂಬುತ್ತದೆಯೇ? ಯಾರಾದರೂ ಒಬ್ಬರ ಉದಾಹರಣೆ ಕೊಟ್ಟು ಟಿಪ್ಪಣಿ ಮಂಡಿಸು" ಎಂದೆ. ಅವಳಮ್ಮನ ಹಾಗೆ ಅವಳೂ ಬರೆಯುವುದಿಲ್ಲ, ವಿಷಯ ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮಾರನೆಯ ದಿನ ತಿಂಡಿಯ ತಟ್ಟೆಯ ಪಕ್ಕದಲ್ಲಿ ಎರಡು ಪುಟದ ಟಿಪ್ಪಣಿ ಕುಳಿತಿತ್ತು. ಈಗಿನ ಒಬ್ಬ ಫ್ರೆಂಚ್ ಸಿನಿಮಾ ಸಂಗೀತಗಾರನ ವೃತ್ತಿಜೀವನ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅದನ್ನು ಉಚ್ಚರಿಸಿದಾಗಲೆಲ್ಲ ಮಗಳು ಕಿವಿ ಮುಚ್ಚಿಕೊಂಡಿದ್ದಾಳೆ. ಮೊದಲು ಆತ ನೃತ್ಯಶಾಲೆಯಲ್ಲಿ ಮಕ್ಕಳ ಅಭ್ಯಾಸಕ್ಕೆ ಪಿಯಾನೋ ನುಡಿಸುತ್ತಿದ್ದನಂತೆ. ಆಮೇಲೆ ಬಿಸ್ಕತ್ತಿನ ಜಾಹೀರಾತು, ಯಾರೂ ನೋಡದ ಸಾಕ್ಷ್ಯಚಿತ್ರಗಳು. ನಡುವಯಸ್ಸು ದಾಟುವವರೆಗೆ ದೊಡ್ಡವರ್ಯಾರೂ ಕರೆಯಲಿಲ್ಲ. ಇದನ್ನು ಓದಿದಾಗ, ಬಡ್ತಿಗೆ ಕಾದು ಕೂತ ನನಗೆ ಆತನೊಂದಿಗೆ ಬಂಧುತ್ವವೇ ಹುಟ್ಟಿತು. ಎರಡನೆಯ ಪುಟದಲ್ಲಿ ಅವನ ಶೈಲಿ. ಸ್ವರಗಳು ಕಡಿಮೆ. ಒಂದು ಪುಟ್ಟ ರಾಗ ಮೊದಲು ಪಿಯಾನೋದಲ್ಲಿ ಬರುತ್ತದೆ, ಆಮೇಲೆ ಕೊಳಲಿನಲ್ಲಿ, ಆಮೇಲೆ ಪಿಟೀಲಿನಲ್ಲಿ. ಪಾತ್ರ ಅಳುವಾಗ ಸಂಗೀತ ಅಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಕಡೆ ಆತ ಏನನ್ನೂ ನುಡಿಸುವುದಿಲ್ಲ.

ಏನನ್ನೂ ನುಡಿಸದವನಿಗೆ ಸಂಭಾವನೆ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಪೆನ್ನು ತೆಗೆದೆ; ಕೈ ತನ್ನಷ್ಟಕ್ಕೆ ಓಡಿ, 'ಚರ್ಚಿಸಿ' ಎಂದು ಬರೆದು ಸಹಿ ಹಾಕಿತು. ಸಹಿ ಅರ್ಜಿಯ ಮೇಲಲ್ಲ, ಟಿಪ್ಪಣಿಯ ಮೇಲೆ.

ಮಗಳ ಮುಖ ಸಪ್ಪಗಾಯಿತು. "ಚರ್ಚೆ ಅಂದ್ರೆ ಏನು ಅಂತ ನಂಗೊತ್ತು ಪಾಪಾ. ಮಮ್ಮಿ ಹೇಳಿದ್ಳು. ಸಂಡೇ ನನ್ ಜೊತೆ ಅವನ ಒಂದ್ ಫಿಲ್ಮ್ ನೋಡಿ. ಬಸ್, ಅಷ್ಟೇ, ಅದೇ ಡಿಸ್ಕಶನ್."

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ರಜಾಯಿ ಹೊದ್ದು ಕುಳಿತೆವು. ಚಿತ್ರದಲ್ಲಿ ಒಬ್ಬ ಮುದುಕ, ಕಾಯಿಲೆ ಬಿದ್ದ ಅವನ ಹೆಂಡತಿ, ಒಂದು ಮನೆ. ನಾನು ಯಥಾಪ್ರಕಾರ ಟಿಪ್ಪಣಿ ಮಾಡುತ್ತಲೇ ಇದ್ದೆ. ಆ ಮನೆಯ ಕಿಟಕಿ ಪರದೆ ಒಗೆದು ಎಷ್ಟು ಕಾಲವಾಯಿತೋ, ಡಾಕ್ಟರ್ ಯಾಕೆ ಸ್ವೆಟರ್ ಹಾಕಿಲ್ಲ, ಹೀಗೆ. ಮೇದಿನಿ ತಡೆದುಕೊಂಡಳು. ನಾಲ್ಕೈದು ಸ್ವರಗಳ ಆ ರಾಗ ಮುದುಕನ ಜೊತೆ ಅಡುಗೆಮನೆಗೆ, ಔಷಧಿ ಅಂಗಡಿಗೆ, ಮೆಟ್ಟಿಲಿಗೆ ಹೋಗಿಬರುತ್ತಿತ್ತು. ಕೊನೆಗೆ ಆತ ಹೆಂಡತಿಯ ಮಂಚದ ಪಕ್ಕ ಕುಳಿತು ಕೈ ಹಿಡಿದುಕೊಂಡ. ಸಂಗೀತ ನಿಂತಿತು.

"ಸ್ಪೀಕರ್ ಹೋಯಿತೇನೇ?" ಎಂದೆ.

"ನಹೀ ಪಾಪಾ. ಅವನೇ ನಿಲ್ಲಿಸಿದ್ದು. ಇಲ್ಲಿ ಅವರಿಬ್ಬರೇ ಇರ್ಲಿ ಅಂತ."

ಸುಮತಿಯ ಕೊನೆಯ ಮಧ್ಯಾಹ್ನ ನಾನೂ ಹೀಗೇ ಮಂಚದ ಪಕ್ಕದಲ್ಲಿದ್ದೆ. ಮಾತಾಡುತ್ತಿದ್ದೆ. ಆಸ್ಪತ್ರೆ ಕ್ಯಾಂಟೀನಿನ ಚಹಾ, ಸೇತುವೆ ಮೇಲಿನ ಟ್ರಾಫಿಕ್, ಕಾರು ನಿಲ್ಲಿಸಲು ಜಾಗವಿಲ್ಲದ್ದು. ಹೆದರಿಕೆಯಾದಾಗ ನನ್ನ ಮಾತು ಇನ್ನೂ ಹೆಚ್ಚುತ್ತದೆ. ಅವಳು ಸ್ವಲ್ಪ ಕೈ ಎತ್ತಿದಳು. ನೀರು ಬೇಕೇನೋ ಎಂದು ತರಲು ಎದ್ದುಹೋದೆ, ಹೊರಗೆ ನರ್ಸಿನ ಹತ್ತಿರವೂ ನಾಲ್ಕು ಮಾತಾಡಿದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ನೀರು ಕೇಳಿರಲಿಲ್ಲ, ಸುಮ್ಮನೆ ಕೂರು ಎಂದಿದ್ದಳು ಎಂಬುದು ಎರಡು ವರ್ಷದ ಮೇಲೆ, ಎಂದೂ ಕಾಣದ ಒಬ್ಬ ಫ್ರೆಂಚ್ ಮನುಷ್ಯನಿಂದ ನನಗೆ ಗೊತ್ತಾಯಿತು. ನನಗೆ ನಾಚಿಕೆಯಾಯಿತು. ಮಗಳ ಮುಂದೆಯೇ ಅತ್ತುಬಿಟ್ಟೆ.

ಚಿತ್ರ ಮುಗಿದ ಮೇಲೆ ಅರ್ಜಿ ತರಲು ಸನ್ನೆ ಮಾಡಿದೆ. ಷರತ್ತು, ಷರಾ ಏನೂ ಇಲ್ಲದೆ, ತೋರಿಸಿದ ಜಾಗದಲ್ಲಿ ಸಹಿ ಹಾಕಿ ಪೆನ್ನು ಮುಚ್ಚಿದೆ. ಇನ್ನು ಮುಂದೆ ಆ ಸಂಗೀತಗಾರನ ಹಾಗೆಯೇ, ಮುಖ್ಯವಾದ ಕಡೆ ಸುಮ್ಮನಿರಬೇಕೆಂದು ನಿಶ್ಚಯಿಸಿ ಸುಮ್ಮನೆ ಕುಳಿತೆ.

ಮೇದಿನಿ ಅರ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಪಾಪಾ, ಗುಸ್ಸಾ ಹೋ ಕ್ಯಾ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಫಿರ್ ಮಾತಾಡ್ತಿಲ್ಲ ಯಾಕೆ? ತಬಿಯತ್ ಠೀಕ್ ಹೈ ನಾ?" ಎಂದು ಗಾಬರಿಯಿಂದ ರಕ್ತದೊತ್ತಡದ ಯಂತ್ರ ತಂದು ನನ್ನ ತೋಳಿಗೆ ಪಟ್ಟಿ ಸುತ್ತತೊಡಗಿದಳು.

ನನಗೆ ಸಿಟ್ಟೂ ಇಲ್ಲ, ಕಾಯಿಲೆಯೂ ಇಲ್ಲ, ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ ಎಂದು ಅವಳಿಗೆ ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವಳು ನನ್ನ ಕೈ ಹಿಡಿದುಕೊಂಡು, ನಡುವೆ ಒಂದು ಮಾತೂ ಆಡದೆ, ಪೂರ್ತಿ ಕೇಳಿದಳು.