ನಡುವಿನ ಬಾಕ್ಸಿನಲ್ಲಿ ಸಾಹುಕಾರರು

ಶಿಸ್ತು ಇರುವಲ್ಲಿ ನಗುವಿಗೆ ಜಾಗವಿಲ್ಲ ಎಂದು ಜನ ನಂಬಿದ್ದಾರೆ. ಜನ ಬಹಳ ಸಂಗತಿಗಳನ್ನು ನಂಬುತ್ತಾರೆ. ನನ್ನ ಅನುಭವ ಬೇರೆ. ಒಂದು ಸ್ಥಳವನ್ನು ವ್ಯವಸ್ಥಿತಗೊಳಿಸಲು ಹೊರಟ ದಿನವೇ ನಗೆಯ ಪ್ರಸಂಗಗಳು ಆರಂಭವಾಗುತ್ತವೆ. ವ್ಯವಸ್ಥೆ ಪೂರ್ಣವಾಗುವವರೆಗೆ ನಿಲ್ಲುವುದಿಲ್ಲ. ವ್ಯವಸ್ಥೆ ಎಂದೂ ಪೂರ್ಣವಾಗುವುದಿಲ್ಲ.

ಮಡಕಶಿರಾ ಕಡೆಯ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ಮೇಲೆ ನಾನು ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿಗೆ ಮ್ಯಾನೇಜರನಾಗಿ ಸೇರಿದೆ. ಕಾರಣ ಸರಳ. ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇರಲಿಲ್ಲ. ಯೂನಿಟ್ಟಿನಲ್ಲೂ ಇರಲಿಲ್ಲ, ಆದರೆ ಅಲ್ಲಿ ಸಂಬಳವಿತ್ತು.

ಆ ವರ್ಷ ಬೆಂಗಳೂರಿನ ವ್ಯಾಪಾರಿಯೊಬ್ಬರು ಹಬ್ಬದ ದೊಡ್ಡ ಆರ್ಡರ್ ಕೊಡುವ ಮಾತಾಡಿದರು. ಷರತ್ತು ಒಂದೇ. "ನಿಮ್ಮಲ್ಲಿ ಯಾವ ಕೆಲಸಕ್ಕೆ ಯಾರು ಹೊಣೆ ಅನ್ನುವುದು ನನಗೆ ಒಂದೇ ನೋಟಕ್ಕೆ ತಿಳಿಯಬೇಕು. ಬರುವ ಸೋಮವಾರ ಬರುತ್ತೇನೆ. ತೋರಿಸಿ." ಮಡಕಶಿರಾ, ಅಮರಾಪುರದ ಕಡೆಯಿಂದ ಬಂದು ನಮ್ಮಲ್ಲಿ ಹೊಲಿಯುತ್ತಿದ್ದವರಲ್ಲಿ ಅರ್ಧ ಜನ ಆಗಲೇ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ್ದರು. ಈ ಆರ್ಡರ್ ಕೈತಪ್ಪಿದರೆ ಉಳಿದರ್ಧವೂ ಹೋಗುವುದು ಖಚಿತ. ಆಮೇಲೆ ಯೂನಿಟ್ಟಿನಲ್ಲಿ ಅದರ ಮಾಲೀಕರಾದ ಸಾಹುಕಾರರು, ನಾನು ಮತ್ತು ಮೆಷಿನ್ನುಗಳು ಮಾತ್ರ ಉಳಿಯುತ್ತಿದ್ದೆವು. ಮೂವರಿಗೂ ಹೊಲಿಯಲು ಬರುತ್ತಿರಲಿಲ್ಲ.

ದಾರಿ ತೋರಿಸಿದವಳು ಸಾಹುಕಾರರ ಸೊಸೆ. ಅಮರಾಪುರದ ಮಗಳು, ಕಂಪ್ಯೂಟರ್ ಬಲ್ಲವಳು. "ಮೈಂಡ್ ಮ್ಯಾಪ್ ಅಂತ ಒಂದು ಐತೆ ಮಾವ. ನಡುವೆ ಒಂದು ಬಾಕ್ಸು, ನಿಮ್ದು. ಅದ್ರಿಂದ ಸುತ್ತ ಕೊಂಬೆ ಹೊಡೀತದೆ. ಕಟಿಂಗ್, ಹೊಲಿಗೆ, ವಾಷಿಂಗ್, ಇಸ್ತ್ರಿ, ಎಲ್ಲಾ ಒಂದೊಂದು ಬಾಕ್ಸು. ಬಾಕ್ಸಿಗೆ ಬೇಕಾದ ಆಕಾರ, ಬಣ್ಣ, ಅಕ್ಷರ, ಎಲ್ಲಾ ಕೊಡಬೌದು" ಎಂದಳು. ನಾನು ಮೆಚ್ಚಿದೆ. ಎಲ್ಲರೂ ನೋಡಲೆಂದು ಹೊಲಿಗೆ ಹಾಲಿನ ದೊಡ್ಡ ಟಿವಿಗೆ ಅದನ್ನು ಜೋಡಿಸಲು ಆಜ್ಞಾಪಿಸಿದೆ. ಎಲ್ಲರೂ ನೋಡಿದರು. ತೊಂದರೆ ಅಲ್ಲಿಂದಲೇ.

ಆಕಾರ

ಮೊದಲು ನಡುವಿನ ಬಾಕ್ಸು ಮೋಡದ ಆಕಾರದಲ್ಲಿ ಬಂತು.

"ಏನವ್ವಾ ಇದು, ಮೋಡ ಏನು?" ಎಂದರು ಸಾಹುಕಾರರು.

"ಹೂ ಮಾವ, ತಾನಾಗೇ ಹಂಗೆ ಬತ್ತದೆ."

"ರಾಯದುರ್ಗದಾಗ ಮೋಡ ನಂಬಿ ಉದ್ಧಾರ ಆದಾವ ಯಾವನದಾನ? ತೆಗಿ."

ಸೊಸೆ ಅಂಡಾಕಾರ ಕೊಟ್ಟಳು. ಕೋಳಿ ತತ್ತಿ ಎಂದರು. ಆರು ಮೂಲೆಯದು ಕೊಟ್ಟಳು. ಲಾರಿಯ ನಟ್ಟು ಎಂದರು. ಕೊನೆಗೆ ತಮ್ಮ ಇಷ್ಟವನ್ನು ತಾವೇ ಹೇಳಿದರು. "ಬಸ್ ಸ್ಟ್ಯಾಂಡಿನಾಗ ಲೀಡರ್‌ಗಳದು ಫ್ಲೆಕ್ಸ್ ಕಟ್ತಾರಲ್ಲ, ಹಂಗ ನನ್ನ ಫೋಟೋ ಬರ್ಲಿ. ದೊಡ್ಡದಾಗಿ."

ಫೋಟೋ ಬಂತು. ಅಂಚು ಬೋಳಾಗಿ ಕಂಡಿತೆಂದು ಸೊಸೆ ಸುತ್ತಲೂ ಹೂವಿನ ಬಾರ್ಡರ್ ಹಾಕಿದಳು. ಹೂವು ಎದ್ದು ಕಾಣಲೆಂದು ಹಿನ್ನೆಲೆಯನ್ನು ಕಪ್ಪು ಮಾಡಿದಳು. ಫೋಟೋ ಎಷ್ಟು ದೊಡ್ಡದಿತ್ತೆಂದರೆ ಉಳಿದ ಕೊಂಬೆಗಳೆಲ್ಲ ಪರದೆಯ ಆಚೆ ಹೋಗಿ, ಸಾಹುಕಾರರ ಮುಖ, ಹೂವು, ಕತ್ತಲೆ ಇಷ್ಟೇ ಉಳಿದವು.

ಹತ್ತು ಗಂಟೆಯ ಚಹಾದವನು ಒಳಗೆ ಬಂದ. ಟಿವಿ ನೋಡಿದ. ಚಪ್ಪಲಿ ಬಿಟ್ಟ. ಕಣ್ಣೊರೆಸಿಕೊಂಡ. "ಅಯ್ಯೋ ದೇವುಡಾ! ಯಾವಾಗ್ರಿ ಸಾರ್? ನಿನ್ನಿ ಸಂಜಿ ನನ್ನ ಕೈಲೇ ಚಾ ಕುಡುದ್ರಲ್ರೀ!"

"ಇವತ್ತೂ ಕುಡೀತೀನಿ. ಇಡಲೇ ಅಲ್ಲಿ" ಎಂದರು ಹಿಂದಿನಿಂದ ಸಾಹುಕಾರರು.

ಅವನು ಇಟ್ಟ. ಅರ್ಧ ಚಹಾ ಬಸಿಯಲ್ಲಿತ್ತು. ಆದರೆ ಚಪ್ಪಲಿ ಬಿಡುವಾಗಲೇ ಅವನು ಯಾರಿಗೋ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದ. ಮಧ್ಯಾಹ್ನ ಪಕ್ಕದ ಯೂನಿಟ್ಟಿನವರು ಹಾರ ಹಿಡಿದುಕೊಂಡು ಬಂದರು. ಸಾಹುಕಾರರೇ ಬಾಗಿಲಲ್ಲಿ ನಿಂತು "ಬರ್ರಿ, ಬರ್ರಿ" ಎಂದು ಸ್ವಾಗತಿಸಿದರು. ತಂದ ಹಾರವನ್ನು ವಾಪಸ್ ಒಯ್ಯುವುದು ಒಳ್ಳೆಯದಲ್ಲವೆಂದು ಅವರು ಅದನ್ನು ಜೀವಂತ ಕೊರಳಿಗೇ ಹಾಕಿ ಹೋದರು.

ಬಣ್ಣ

ಫೋಟೋ ತೆಗೆದು ಹೆಸರಷ್ಟೇ ಇಟ್ಟೆವು. ಮುಂದಿನ ಕೆಲಸ ಕೊಂಬೆಗಳಿಗೆ ಬಣ್ಣ. ಚುನಾವಣೆ ಹತ್ತಿರವಿತ್ತು. ಅದು ಹತ್ತಿರವಿಲ್ಲದ ಕಾಲವನ್ನು ಈ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಸೊಸೆ ಹೊಲಿಗೆಗೆ ಹಳದಿ ಕೊಟ್ಟಳು. ಸಾಹುಕಾರರು ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು. "ಹಳದಿ ಬ್ಯಾಡವ್ವಾ. ಆ ಪಾರ್ಟಿಯವರು ಅಂತಾರ."

"ಸರಿ, ನೀಲಿ ಕೊಡ್ತೀನಿ."

"ಅದು ಈ ಪಾರ್ಟಿ."

"ಕೆಂಪು?"

"ಯೂನಿಯನ್ ಮಾಡ್ಕೊಂಡು ಕುಂತಾರು."

"ಕೇಸರಿ? ಹಸಿರು?"

"ಒಂದು ಹಾಕಿದ್ರ ಇನ್ನೊಂದೂ ಹಾಕಬೇಕಾಗ್ತೈತಿ. ಎರಡೂ ಹಾಕಿದ್ರ ಇಬ್ಬರೂ ಬರ್ತಾರ. ಬ್ಯಾಡ."

ನಾನು ಶಿಕ್ಷಣ ಇಲಾಖೆಯಲ್ಲಿದ್ದವನು. ಸರ್ಕಾರದ ಜೊತೆ ಬದಲಾಗುವ ಶಾಲೆ ಗೋಡೆಯ ಬಣ್ಣಕ್ಕೆ ಹೆದರುವುದು ನನಗೆ ಹೊಸದಲ್ಲ. ಕೊನೆಗೆ ಯಾವ ಪಕ್ಷವೂ ಮುಟ್ಟದ ಬೂದಿ ಬಣ್ಣ ಒಂದೇ ಉಳಿಯಿತು. ಎಲ್ಲ ಬಾಕ್ಸುಗಳಿಗೂ ಅದನ್ನೇ ಕೊಟ್ಟೆವು. ಹೀಗೆ, ಜೀನ್ಸ್ ಹೊಲಿದು ಬದುಕುವ ಯೂನಿಟ್ಟಿನಲ್ಲಿ ನೀಲಿ ಬಣ್ಣ ನಿಷೇಧವಾಯಿತು.

ಅಕ್ಷರ

ಮೈಂಡ್ ಮ್ಯಾಪಿನಲ್ಲಿ ಒಂದು ನಿಯಮವಿದೆ. ನಡುವಿನ ಹೆಸರು ದಪ್ಪ, ಕೊಂಬೆಯದು ಸಣ್ಣ, ಕೊಂಬೆಯಿಂದ ಹೊರಟ ಟಿಸಿಲಿನದು ಇನ್ನೂ ಸಣ್ಣ. ಉತ್ತಮ ನಿಯಮ. ಇಸ್ತ್ರಿ ವಿಭಾಗದ ಮುಖ್ಯಸ್ಥೆ ಅದನ್ನು ಒಪ್ಪಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಟಿವಿಯ ಮುಂದೆ ನಿಂತಳು.

"ಇದು ಹೆಸರೇನ್ರಿ ಸಾರ್, ಇರುವಿ ಸಾಲೇನ್ರಿ? ಮದುವಿ ಕಾರ್ಡಿನಾಗ ಹಿಂಗ ಹಾಕಿದ್ರ ನಾವು ಆ ಮದುವಿಗೇ ಹೋಗಾಂಗಿಲ್ಲ."

ನಾನು ನಿಯಮ ವಿವರಿಸಿದೆ: ಗುಂಡಿ ಒಂದು ಕೊಂಬೆ, ಇಸ್ತ್ರಿ ವಾಷಿಂಗಿನಿಂದ ಹೊರಟ ಟಿಸಿಲು.

"ನಿಯಮ ಇರ್ಲಿ ಬಿಡ್ರಿ. ಗುಂಡಿ ಹಚ್ಚಾಕಿ ಹೆಸರು ನನ್ನ ಹೆಸರಿಗಿಂತ ಯಾಕ ದಪ್ಪ ಐತಿ? ಆಕಿ ಹಚ್ಚೂದು ಒಂದು ಗುಂಡಿ. ನಾನು ಪ್ಯಾಂಟು ಪೂರಾ ತಿಕ್ಕತೀನಿ."

ನಿಯಮ ಬದಲಾಗದು ಎಂದೆ. ಆಕೆ ಇಸ್ತ್ರಿ ಮೇಜಿಗೆ ಮರಳಿದಳು. ಸಂಜೆ ಇಸ್ತ್ರಿಯಾಗಿ ಬಂದ ಜೀನ್ಸುಗಳಿಗೆಲ್ಲ ಮುಂಭಾಗದಲ್ಲಿ ನೇರವಾದ ಇಸ್ತ್ರಿ ಗೆರೆ ಬಿದ್ದಿತ್ತು, ತಹಶೀಲ್ದಾರರ ಪ್ಯಾಂಟಿಗೆ ಬೀಳುವಂತೆ. ಸಾಹುಕಾರರು ತಲೆಗೆ ಕೈಹಚ್ಚಿ ಕೂತರು. ಸೊಸೆ ಓಡಿಹೋಗಿ ಎಲ್ಲರ ಹೆಸರನ್ನೂ ಒಂದೇ ಸಮ ದಪ್ಪ ಮಾಡಿದಳು.

ಆ ಜೀನ್ಸುಗಳನ್ನು ಮತ್ತೆ ನೀರಿಗೆ ಹಾಕಿದರು. ನನಗೆ ಮಾತ್ರ ಬೇಸರವಾಯಿತು. ಗೌರವಸ್ಥರು ಹಾಕಿಕೊಳ್ಳಬಹುದಾದ ಜೀನ್ಸು ಆ ಊರಿನಲ್ಲಿ ತಯಾರಾದದ್ದು ಅದೊಂದೇ ಸಲ.

ಜೋಡಣೆ

ಶನಿವಾರ ಸೊಸೆಯ ತಂದೆ ಮಗಳನ್ನು ನೋಡಲು ಅಮರಾಪುರದಿಂದ ಬಂದರು. ಕಡಲೆಕಾಯಿ ಬೆಳೆಯುವವರು. ಆ ಹೊತ್ತಿಗೆ ಸೊಸೆ ಕೊಂಬೆಗಳ ಜೋಡಣೆ ಬದಲಿಸುತ್ತಿದ್ದಳು: ಒಮ್ಮೆ ಎಡಬಲಕ್ಕೆ, ಒಮ್ಮೆ ಮರದಂತೆ, ಒಮ್ಮೆ ಎಲ್ಲವೂ ಕೆಳಕ್ಕೆ ಇಳಿಬಿದ್ದಂತೆ. ಇಳಿಬಿದ್ದ ಜೋಡಣೆ ನೋಡಿದ್ದೇ ಬೀಗರ ಮುಖ ಅರಳಿತು.

"ಇದೇನವ್ವ, ಕಡ್ಲೆಕಾಯಿ ಗಿಡ ಕಿತ್ತು ಹಿಡ್ದಂಗೈತಲ್ಲ!"

"ಅಪ್ಪಾ, ಅದು ಮಾವನ ಯೂನಿಟ್ಟು ಕಣಪ್ಪ."

"ಇರ್ಲಿ ಬಿಡವ್ವ. ಫಸಲು ಚೆನ್ನಾಗೇ ಐತೆ." ಅವರು ಟಿವಿಯ ಹತ್ತಿರ ಹೋಗಿ, ಮಂಡಿಯಲ್ಲಿ ಕಾಯಿ ಪರೀಕ್ಷಿಸುವ ಗಂಭೀರತೆಯಿಂದ ಒಂದೊಂದೇ ಬಾಕ್ಸಿಗೆ ಬೆರಳಿಟ್ಟರು. "ಇದ್ರಾಗೆ ಮೂರು ಬೀಜ ಐತೆ. ಇದ್ರಾಗೆ ಎಲ್ಡು. ಇದೂ ವಾಸಿ." ಮೂಲೆಯಲ್ಲಿ ಒಂಟಿಯಾಗಿ ನೇತಾಡುತ್ತಿದ್ದ ಬಾಕ್ಸಿಗೆ ಬಂದು ನಿಂತರು. ಅದರ ಕೆಳಗೆ ಯಾವ ಟಿಸಿಲೂ ಇರಲಿಲ್ಲ. "ಇದೊಂದು ಜೊಳ್ಳು. ಬರೀ ಸಿಪ್ಪೆ. ಕಿತ್ತಾಕ್ಬುಡವ್ವ."

ಆ ಬಾಕ್ಸಿನಲ್ಲಿ 'ಮ್ಯಾನೇಜರ್' ಎಂದು ಬರೆದಿತ್ತು. ಅಂದೇ ಸಂಜೆ, ಆಡಳಿತಾತ್ಮಕ ಕಾರಣಗಳಿಂದ, ಸದರಿ ಬಾಕ್ಸನ್ನು ತೆಗೆದುಹಾಕಲಾಯಿತು.

ಗೆರೆ

ಸೋಮವಾರ ಬೆಳಿಗ್ಗೆ, ವ್ಯಾಪಾರಿ ಬರುವ ದಿನ, ಕಟಿಂಗ್ ಮಾಸ್ಟರ್ ಕತ್ತರಿ ಕೆಳಗಿಟ್ಟರು. ಬಟ್ಟೆಗೆ ಕತ್ತರಿ ಹಾಕುವವರು ನಮ್ಮಲ್ಲಿ ಅವರೊಬ್ಬರೇ. ಅವರು ನಿಂತರೆ ಎಲ್ಲವೂ ನಿಂತಂತೆ.

"ಬಳ್ಳಾರಿಯಾಗ ಕರೀತದಾರ್ರಿ ಸಾರ್. ಹೋಗ್ತೀನಿ. ನನ್ನ ಕಚ್ಚಾ ಹೊಲಿಗಿಯಾಗ ಇಟ್ಟೀರಿ ನೀವು."

ಕಚ್ಚಾ ಹೊಲಿಗೆ ಎಂದರೆ ಬಟ್ಟೆ ಜಾರದಿರಲೆಂದು ಮೊದಲು ಬಿಡಿಬಿಡಿಯಾಗಿ ಹಾಕುವ ಹೊಲಿಗೆ. ಗಟ್ಟಿ ಹೊಲಿಗೆ ಬಿದ್ದ ಮೇಲೆ ಅದನ್ನು ಕಿತ್ತು ಎಸೆಯುತ್ತಾರೆ. ನಾನು ಟಿವಿ ನೋಡಿದೆ. ಚಂದ ಕಾಣಲೆಂದು ಸೊಸೆ ಹಿಂದಿನ ದಿನ ಗೆರೆಗಳ ಶೈಲಿ ಬದಲಿಸಿದ್ದಳು. ಸಾಹುಕಾರರಿಂದ ಕಟಿಂಗ್ ಮಾಸ್ಟರ್‌ಗೆ ಹೋದ ಗೆರೆ ತುಂಡುತುಂಡಾಗಿತ್ತು.

"ಅದು ಗೆರೆ. ಹೊಲಿಗೆಯಲ್ಲ" ಎಂದೆ.

"ನಿಮಗ ಗೆರಿ. ನಾನು ಹುಟ್ಟಿದಾಗಿಂದ ಹೊಲಿಗಿ ನೋಡೀನ್ರಿ. ಕೀಳಾಕ ಹಾಕಿದ್ದು ಯಾವುದು, ಇಡಾಕ ಹಾಕಿದ್ದು ಯಾವುದು, ನನಗ ತಿಳೀತೈತಿ."

ಸಾಹುಕಾರರು ಸೊಸೆಯ ಕಡೆ ಓಡಿದರು. "ಲಗೂನ ಗಟ್ಟಿ ಮಾಡವ್ವಾ, ಗಟ್ಟಿ ಮಾಡು!" ಸೊಸೆ ಅಖಂಡ ಗೆರೆ ಎಳೆದಳು. ಮಾಸ್ಟರ್ ಕತ್ತರಿ ಎತ್ತಿಕೊಂಡರು. ಆಗ ಹೊಲಿಗೆಯವರು ಎದ್ದರು. ಜೀನ್ಸಿನ ಬದಿಗೆ ಹಾಕುವುದು ಜೋಡಿ ಹೊಲಿಗೆ, ಅದೇ ಭದ್ರ, ತಮಗೆ ಅದೇ ಬೇಕು ಎಂದರು. ಜೋಡಿ ಗೆರೆ ಕೊಟ್ಟೆವು. ವಾಷಿಂಗಿನವರೂ ಕೇಳಿದರು. ಇಸ್ತ್ರಿಯವಳು ಕೇಳಲಿಲ್ಲ, ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದಳು. ಮೊದಲು ಅವಳಿಗೇ ಕೊಟ್ಟೆವು. ಯಾರೂ ಇನ್ನೊಬ್ಬರ ಕೈಕೆಳಗಿನ ಟಿಸಿಲಾಗಲು ಒಪ್ಪದ ಕಾರಣ, ಎಲ್ಲರ ಗೆರೆಯನ್ನೂ ನೇರವಾಗಿ ಸಾಹುಕಾರರಿಗೇ ಸೇರಿಸಿದೆವು.

ಹೊಲಿಗೆಯವನೊಬ್ಬ ಟಿವಿಯ ಬಳಿಗೆ ಬಂದು ತನ್ನ ಗೆರೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. "ಭದ್ರ ಐತ್ರಿ" ಎಂದು ಉಳಿದವರಿಗೆ ಹೇಳಿದ.

ಅಳಿಸುವುದು

ಹನ್ನೊಂದಕ್ಕೆ ವ್ಯಾಪಾರಿ ಬಂದರು. ಮಾತು ಕಡಿಮೆ, ಅಂಥವರನ್ನು ನಾನು ಗೌರವಿಸುತ್ತೇನೆ. ಟಿವಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಎಲ್ಲ ಬಾಕ್ಸುಗಳೂ ಬೂದಿ ಬಣ್ಣ, ಎಲ್ಲ ಹೆಸರುಗಳೂ ಒಂದೇ ದಪ್ಪ, ಎಲ್ಲ ಗೆರೆಗಳೂ ಜೋಡಿ, ಎಲ್ಲವೂ ನಡುವಿಗೆ. ಬಹಳ ಹೊತ್ತು ನೋಡಿದರು.

"ಒಂದು ಪ್ರಶ್ನೆ. ಪ್ಯಾಂಟಿನ ಜಿಪ್ಪು ತಲೆಕೆಳಗಾಗಿ ಕೂತು ಬಂದರೆ, ಇದರಲ್ಲಿ ನಾನು ಯಾರನ್ನು ಹಿಡಿಯಬೇಕು?"

ಮೆಷಿನ್ನುಗಳು ಒಂದೊಂದಾಗಿ ನಿಂತವು. ಮೊದಲು ಬಾಯಿ ಬಿಟ್ಟವರು ಕಟಿಂಗ್ ಮಾಸ್ಟರ್, ಸೊಸೆಯ ಕಡೆ ತಿರುಗಿ. "ಅಕ್ಕಾರ, ನನ್ನ ಗೆರಿ ಇಷ್ಟು ಗಟ್ಟಿ ಬೇಕಾಗಿಲ್ರಿ. ಮೊದಲಿನ್ಹಂಗ ಕಚ್ಚಾ ಇದ್ರ ಸಾಕು. ಇಲ್ಲಾಂದ್ರ ತೆಗದ್ರೂ ನಡೀತೈತಿ."

"ನನ್ನ ಹೆಸರು ಯಾಕ ಇಷ್ಟು ದಪ್ಪ ಮಾಡೀಯವ್ವಾ?" ಎಂದಳು ಇಸ್ತ್ರಿಯವಳು. "ನಾನೇನು ಎಂಎಲ್‌ಎ ಏನು? ತೆಗಿ, ಎಲ್ಲಾರೂ ನೋಡ್ತಾರ."

"ನಮ್ದೂ ತೆಗೀರಿ, ನೀರಾಗ ಹಾಕೋರು ನಾವು, ಜಿಪ್ಪಿಗೂ ನಮಗೂ ಏನು?" ಎಂದರು ವಾಷಿಂಗಿನವರು. ಹೊಲಿಗೆಯವರು ಒಟ್ಟಾಗಿ ಕೈಯೆತ್ತಿದರು. ಶಾಲೆಯಲ್ಲಿ ಪ್ರಶ್ನೆ ಕೇಳಿದಾಗ ಅಷ್ಟು ಕೈಗಳು ಎದ್ದದ್ದನ್ನು ನಾನು ಕಂಡಿಲ್ಲ. ಸೊಸೆಗೆ ಗಾಬರಿ. ಒಬ್ಬೊಬ್ಬರು ಹೇಳಿದಂತೆ ಒಂದೊಂದೇ ಬಾಕ್ಸು ಅಳಿಸುತ್ತ ಹೋದಳು. ಪರದೆ ಖಾಲಿಯಾಗುತ್ತ ಬಂತು. ಕೊನೆಗೆ ನಡುವೆ ಒಂದೇ ಬಾಕ್ಸು ಉಳಿಯಿತು.

ಸಾಹುಕಾರರು ಸುತ್ತ ನೋಡಿದರು. ಮೆಲ್ಲನೆ ಬಗ್ಗಿ ಸೊಸೆಯ ಕೈಯಿಂದ ಕಂಪ್ಯೂಟರ್ ಎಳೆದುಕೊಂಡು ಅಳಿಸುವ ಗುಂಡಿಯನ್ನು ತಾವೇ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಮೂರನೆಯ ಸಲ ಬಲವಾಗಿ ಕುಟ್ಟಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಬಂತು.

"ಏನಂತೈತಿ ಅದು?" ಎಂದರು ಸಾಹುಕಾರರು.

ಓದಿ ಹೇಳಿದವರು ವ್ಯಾಪಾರಿ. "ನಡುವಿನ ಬಾಕ್ಸನ್ನು ಅಳಿಸಲು ಬರುವುದಿಲ್ಲ ಅನ್ನುತ್ತಿದೆ." ಅವರು ಎದ್ದು ನಿಂತು ಸಾಹುಕಾರರ ಕೈ ಕುಲುಕಿದರು. "ಆರ್ಡರ್ ನಿಮಗೇ. ಊರೂರು ಸುತ್ತಿದ್ದೇನೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಮಾಲೀಕರು ಸಿಕ್ಕಿದ್ದು ಇದೇ ಮೊದಲು."

ಅವರ ಕಾರು ಹೊರಟಿತು. ಹಾಲಿನಲ್ಲಿ ಸಿಳ್ಳೆ, ಚಪ್ಪಾಳೆ. ಹಬ್ಬದವರೆಗೆ ಯಾರೂ ಊರು ಬಿಡಬೇಕಿರಲಿಲ್ಲ. ಸಾಹುಕಾರರು ಮಾತ್ರ ಪರದೆಯನ್ನೇ ನೋಡುತ್ತ ಕೂತಿದ್ದರು. ಸೊಸೆಯನ್ನು ಹತ್ತಿರ ಕರೆದು ಕೇಳಿದರು:

"ಅಳಸಾಕ ಬರೂದಿಲ್ಲ, ಖರೆ. ಅದರಾಗಿನ ಹೆಸರು ಬದಲಿ ಮಾಡಾಕ ಬರ್ತೈತೇನವ್ವಾ?"

"ಓ, ಬತ್ತದೆ ಮಾವ. ಯಾರ ಹೆಸರು ಹಾಕ್ಲಿ?"

ಸಾಹುಕಾರರು ನಿಧಾನವಾಗಿ ಹಾಲಿನ ಕಡೆ ತಿರುಗಿದರು. ಆ ಕ್ಷಣವೇ ಅಷ್ಟೂ ಮೆಷಿನ್ನುಗಳು ಒಟ್ಟಿಗೆ ಓಡತೊಡಗಿದವು. ಎಲ್ಲರ ತಲೆಯೂ ಸೂಜಿಯ ಮೇಲೆ. ಕಟಿಂಗ್ ಮಾಸ್ಟರ್ ಬಟ್ಟೆ ಇಲ್ಲದ ಮೇಜಿನ ಮೇಲೆ ಕತ್ತರಿ ಆಡಿಸುತ್ತಿದ್ದರು. ನಾನು ಗಡಿಯಾರ ನೋಡಿದೆ, ಊಟದ ಗಂಟೆ ಬಾರಿಸಬೇಕೆಂದು ಗಟ್ಟಿಯಾಗಿ ಹೇಳಿ ಹೊರಗೆ ನಡೆದೆ. ಊಟಕ್ಕೆ ಇನ್ನೂ ಒಂದೂವರೆ ತಾಸು ಇತ್ತು.